ಚೌಕಟ್ಟಿಗೆ ಕಟ್ಟಿದ ಶಾಲು: ಹೆಣಿಗೆ ಮುಗಿದ ಮೇಲಿನ ಕೆಲಸ

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಪದ್ಧತಿಯ ಚೌಕ ಶಾಲಿನ ಹೆಣಿಗೆ ತಾನು ಹೊರಟ ಜಾಗಕ್ಕೇ ಬಂದು ಮುಗಿಯುತ್ತದೆ. ನಾನು ಹೆಣೆದ ಶಾಲಿನಲ್ಲಿ ಮೊದಲು ನಡುವಿನ ಚೌಕ, ಅದರ ನಾಲ್ಕೂ ಬದಿಗಳಿಂದ ಕುಣಿಕೆಗಳನ್ನು ಎತ್ತಿಕೊಂಡು ಸುತ್ತಲೂ ಬೆಳೆಸಿದ ಅಲೆಯ ಪಟ್ಟಿ, ಕಡೆಯಲ್ಲಿ ಆ ಪಟ್ಟಿಯ ಕುಣಿಕೆಗಳನ್ನು ಒಂದೊಂದಾಗಿ ಸೇರಿಸಿಕೊಳ್ಳುತ್ತ ಅಡ್ಡಲಾಗಿ ಸಾಗುವ ಹಲ್ಲಿನಂಚು, ಹೀಗೆ ಮೂರು ಭಾಗಗಳಿದ್ದವು. ಅಂಚು ನಾಲ್ಕು ಮೂಲೆಗಳನ್ನು ಸುತ್ತಿ ಬಂದು ತನ್ನ ಮೊದಲ ಸಾಲನ್ನು ಮುಟ್ಟಿದಾಗ ಕಡ್ಡಿಯ ಮೇಲೆ ಉಳಿಯುವುದು ಕೆಲವೇ ಕುಣಿಕೆಗಳು. ಕುಣಿಕೆಗಳನ್ನೆಲ್ಲ ಒಂದರ ಮೇಲೊಂದು ಎಳೆದು ಮುಚ್ಚುವ ಕೊನೆಯ ಸಾಲು ಇಲ್ಲಿ ಇಲ್ಲವೇ ಇಲ್ಲ. ಈ ಪದ್ಧತಿಯನ್ನು ನಾನು ಮೆಚ್ಚಿಕೊಂಡದ್ದು ಮುಖ್ಯವಾಗಿ ಇದೇ ಕಾರಣಕ್ಕೆ. ಲೇಸ್ ಶಾಲಿನ ಅಂಚನ್ನು ಬಿಗಿಯಾಗಿ ಮುಚ್ಚಿಬಿಟ್ಟರೆ ಅದು ಪಟ್ಟಿ ಕಟ್ಟಿದ ಹಾಗೆ ನಿಂತುಬಿಡುತ್ತದೆ, ಆಮೇಲೆ ಎಷ್ಟು ನೆನೆಸಿ ಎಳೆದರೂ ಒಳಗಿನ ಬಟ್ಟೆ ಅಗಲವಾಗುತ್ತದೆಯೇ ಹೊರತು ಅಂಚು ಜಗ್ಗುವುದಿಲ್ಲ.

ಅಂಚಿನ ಮೊದಲ ಸಾಲನ್ನು ನಾನು ಬೇರೆ ಬಣ್ಣದ ಹತ್ತಿ ದಾರದ ಮೇಲೆ ತಾತ್ಕಾಲಿಕವಾಗಿ ಶುರುಮಾಡಿದ್ದೆ. ಆ ದಾರವನ್ನು ನಿಧಾನವಾಗಿ ಬಿಡಿಸುತ್ತ, ಬಿಡುಗಡೆಯಾದ ಕುಣಿಕೆಗಳನ್ನು ಇನ್ನೊಂದು ತೆಳು ಕಡ್ಡಿಗೆ ಏರಿಸಿ, ಎರಡೂ ಕಡ್ಡಿಗಳನ್ನು ಅಕ್ಕಪಕ್ಕ ಹಿಡಿದು, ಮೊಂಡು ಮೂತಿಯ ಸೂಜಿಯಿಂದ ಅವುಗಳ ನಡುವೆ ಹೊಸದೊಂದು ಸಾಲನ್ನೇ ಹೊಲಿಯಬೇಕು. ಈ ಹೊಲಿಗೆಯಲ್ಲಿ ನೂಲನ್ನು ಆಗಾಗ ಬಿಗಿ ಮಾಡುತ್ತ ಹೋಗುವುದು ಸರಿಯಲ್ಲ. ಇಡೀ ಸಾಲನ್ನು ಸಡಿಲವಾಗಿ ಹೊಲಿದು, ಆಮೇಲೆ ಸೂಜಿಯ ತುದಿಯಿಂದ ಮೊದಲ ಕುಣಿಕೆಯಿಂದ ಕೊನೆಯದರವರೆಗೆ ಹೆಚ್ಚುವರಿ ನೂಲನ್ನು ಸ್ವಲ್ಪಸ್ವಲ್ಪವೇ ಮುಂದಕ್ಕೆ ಸರಿಸುತ್ತ ಹೋದರೆ, ಹೊಲಿದ ಸಾಲು ಹೆಣೆದ ಸಾಲುಗಳ ನಡುವೆ ಗುರುತೇ ಸಿಗದ ಹಾಗೆ ಕೂತುಕೊಳ್ಳುತ್ತದೆ. ನೋಡಲು ಚಿಕ್ಕ ಕೆಲಸ, ಆದರೆ ಹಗಲು ಬೆಳಕಿನಲ್ಲಿ, ಬೇರೆ ಯಾವ ಕೆಲಸವೂ ಕಾಯುತ್ತಿಲ್ಲದ ಹೊತ್ತಿನಲ್ಲಿ ಮಾಡಬೇಕಾದದ್ದು.

ನೂಲಿನ ತುದಿಗಳು ಹೆಚ್ಚಿರಲಿಲ್ಲ. ಶೆಟ್ಲೆಂಡ್ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಸ್ವಭಾವದವು. ಹಳೆಯ ಉಂಡೆಯ ಕೊನೆಯನ್ನೂ ಹೊಸ ಉಂಡೆಯ ಮೊದಲನ್ನೂ ಐದಾರು ಸೆಂಟಿಮೀಟರ್ ಒಂದರ ಮೇಲೊಂದು ಇಟ್ಟು, ತೇವ ಮಾಡಿ, ಅಂಗೈಗಳ ನಡುವೆ ಚೆನ್ನಾಗಿ ಉಜ್ಜಿದರೆ ಎರಡೂ ಸೇರಿ ಒಂದೇ ನೂಲಾಗುತ್ತವೆ. ಹೀಗೆ ಜೋಡಿಸಿಕೊಂಡು ಬಂದದ್ದರಿಂದ ಉಳಿದದ್ದು ಆರಂಭದ ತುದಿ, ಅಂತ್ಯದ ತುದಿ, ಪಟ್ಟಿಯ ಬಣ್ಣ ಬದಲಾದ ಕಡೆಯ ತುದಿಗಳು ಮಾತ್ರ. ಅವನ್ನು ಲೇಸಿನ ಕಣ್ಣುಗಳ ಮೇಲೆ ಹಾಯಿಸದೆ, ಎರಡು ಕುಣಿಕೆ ಕೂಡಿಸಿ ಹೆಣೆದ ದಪ್ಪ ಗೆರೆಗಳ ಗುಂಟ ಓರೆಯಾಗಿ ಸೇರಿಸಿದೆ. ಮುಖ್ಯವಾದ ಮಾತೆಂದರೆ, ತುದಿಗಳನ್ನು ಈ ಹಂತದಲ್ಲಿ ಕತ್ತರಿಸಬಾರದು. ಶಾಲನ್ನು ಎಳೆದು ಕಟ್ಟಿದಾಗ ಒಳಗೆ ಸೇರಿಸಿದ ನೂಲೂ ಜೊತೆಗೆ ಎಳೆಯುತ್ತದೆ. ಬುಡಕ್ಕೆ ಕತ್ತರಿಸಿದ್ದರೆ ಅದು ಜಾರಿ ಹೊರಬರುತ್ತದೆ. ಬೆರಳುದ್ದ ಬಾಲವನ್ನು ಹಾಗೆಯೇ ನೇತುಬಿಟ್ಟು, ಒಣಗಿದ ಮೇಲೆ ಕತ್ತರಿಸುವುದು ಕ್ಷೇಮ.

ನೀರಿಗೆ ಹಾಕುವ ಮೊದಲು ಶಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಗುಲ ಅಂಗುಲ ನೋಡಿದೆ. ಸುತ್ತಲಿನ ಪಟ್ಟಿಯಲ್ಲಿ ಹಾಕಿದ್ದು ಓಲ್ಡ್ ಶೇಲ್ ಎಂಬ, ಶೆಟ್ಲೆಂಡಿನ ಅತ್ಯಂತ ಪರಿಚಿತ ವಿನ್ಯಾಸ. 18 ಕುಣಿಕೆಗಳಿಗೆ ಒಂದು ಅಲೆ. ಮೊದಲು ಮೂರು ಸಲ ಎರಡೆರಡು ಕುಣಿಕೆ ಕೂಡಿಸಿ, ಬಳಿಕ ಆರು ಸಲ ನೂಲು ಸುತ್ತಿ ಒಂದೊಂದು ಹೆಣೆದು, ಮತ್ತೆ ಮೂರು ಸಲ ಎರಡೆರಡು ಕೂಡಿಸುವುದು. ನಾಲ್ಕು ಸಾಲಿಗೊಮ್ಮೆ ಇದೊಂದು ಸಾಲು ಬರುತ್ತದೆ, ಉಳಿದವು ಸಾದಾ. ಕಡಿಮೆ ಮಾಡಿದ ಕಡೆ ಬಟ್ಟೆ ಕೆಳಗೆಳೆಯುತ್ತದೆ, ನೂಲು ಸುತ್ತಿದ ಕಡೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ, ಅಲೆ ಹುಟ್ಟುವುದು ಈ ಎಳೆದಾಟದಿಂದಲೇ. ಪ್ರತಿ ಅಲೆಯಲ್ಲಿ ಆರು ಕಣ್ಣುಗಳಿವೆಯೇ ಎಂದು ಎಣಿಸಿಕೊಂಡು ಹೋದರೆ ಪರೀಕ್ಷೆ ಸುಲಭ. ಜಾರಿದ ಕುಣಿಕೆ ಒಣ ಬಟ್ಟೆಯಲ್ಲಿದ್ದರೆ ಅಲ್ಲೇ ಹಿಡಿದು ಹೊಲಿಯಬಹುದು. ಎಳೆತದ ಕೆಳಗೆ ಸಿಕ್ಕಿಕೊಂಡರೆ ಅದು ಸಾಲುಗಟ್ಟಲೆ ಕೆಳಗೆ ಓಡುತ್ತದೆ.

ಈ ಹಂತದಲ್ಲಿ ಶಾಲಿನ ರೂಪ ಹೆಣೆದವರ ಧೈರ್ಯವನ್ನು ಪರೀಕ್ಷಿಸುವಂಥದು. ಅಲೆಗಳು ಮುದುಡಿ ದಿಂಡಿನಂತೆ ನಿಂತಿದ್ದವು, ಅಂಚಿನ ಹಲ್ಲುಗಳು ಒಳಕ್ಕೆ ಸುತ್ತಿಕೊಂಡಿದ್ದವು, ಕಣ್ಣುಗಳೆಲ್ಲ ಮುಚ್ಚಿಕೊಂಡಿದ್ದವು. ಹರಡಿ ಅಳೆದರೆ ಒಂದು ಬದಿ 95 ಸೆಂಟಿಮೀಟರ್ ಸುಮಾರಿಗೆ ಬರುತ್ತಿತ್ತು. ಎಳೆದು ಕಟ್ಟಿದಾಗ ಬರಬೇಕಾಗಿದ್ದದ್ದು 130. ಈ ಎರಡು ಅಳತೆಗಳ ನಡುವಿನ ಅಂತರವನ್ನು ತುಂಬುವುದು ನೀರು ಮತ್ತು ಎಳೆತ. ಇಂಗ್ಲಿಷ್ ಹೆಣಿಗೆ ಪುಸ್ತಕಗಳು ಈ ಕೆಲಸವನ್ನು ಬ್ಲಾಕಿಂಗ್ ಎನ್ನುತ್ತವೆ, ಶೆಟ್ಲೆಂಡಿನ ಹೆಂಗಸರು ಡ್ರೆಸಿಂಗ್ ಎನ್ನುತ್ತಾರೆ.

ಉಣ್ಣೆ ಇದಕ್ಕೆ ಒಗ್ಗುವುದು ಏಕೆಂದು ತಿಳಿದುಕೊಂಡರೆ ಮುಂದಿನ ಪ್ರತಿ ಹೆಜ್ಜೆಯ ಕಾರಣವೂ ತಿಳಿಯುತ್ತದೆ. ಉಣ್ಣೆಯೂ ನಮ್ಮ ಕೂದಲಿನ ಹಾಗೆ ಕೆರಾಟಿನ್ ಎಂಬ ಪ್ರೋಟೀನು. ಅದರ ಉದ್ದನೆಯ ಅಣುಗಳನ್ನು ಪರಸ್ಪರ ಹಿಡಿದಿಡುವ ಬಂಧಗಳಲ್ಲಿ ಹೈಡ್ರೋಜನ್ ಬಂಧಗಳು ನೀರು ತಾಗಿದೊಡನೆ ಸಡಿಲವಾಗುತ್ತವೆ, ಒಣಗುವಾಗ ಆ ಹೊತ್ತಿಗೆ ಎಳೆ ಯಾವ ಆಕಾರದಲ್ಲಿದೆಯೋ ಆ ಆಕಾರದಲ್ಲಿಯೇ ಮತ್ತೆ ಕಟ್ಟಿಕೊಳ್ಳುತ್ತವೆ. ಎಣ್ಣೆನೀರು ಹಾಕಿಕೊಂಡ ಒದ್ದೆ ಕೂದಲನ್ನು ಜಡೆ ಹಾಕಿ ಬೆಳಿಗ್ಗೆ ಬಿಚ್ಚಿದರೆ ಅಲೆಅಲೆಯಾಗಿ ನಿಲ್ಲುವುದೂ, ಮತ್ತೆ ನೀರು ಬಿದ್ದರೆ ಆ ಅಲೆ ಹೋಗುವುದೂ ಇದೇ ಕಾರಣಕ್ಕೆ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಮಾರುವ ದಾರದಲ್ಲಿ ಬಹುಪಾಲು ಅಕ್ರಿಲಿಕ್. ಅದಕ್ಕೆ ಈ ಗುಣವಿಲ್ಲ. ಎಷ್ಟು ಒದ್ದೆ ಮಾಡಿ ಎಳೆದರೂ ಒಣಗಿದ ಮೇಲೆ ಹಳೆಯ ಆಕಾರಕ್ಕೇ ಮರಳುತ್ತದೆ; ಆವಿ ಕೊಟ್ಟು ಶಾಖದಿಂದ ಮಣಿಸಿದರೆ ಮಣಿಯುತ್ತದೆ, ಆದರೆ ಆ ಬಟ್ಟೆಯ ಪುಟಿತ ಶಾಶ್ವತವಾಗಿ ಹೋಗಿಬಿಡುತ್ತದೆ. ಇಷ್ಟೊಂದು ಶ್ರಮ ಹಾಕಿ ಲೇಸ್ ಹೆಣೆಯುವವರು ನಿಜವಾದ ಉಣ್ಣೆಗೇ ಹಣ ಕೊಡಬೇಕು ಎಂಬ ನನ್ನ ಹಟಕ್ಕೆ ಕಾರಣ ಇದು.

ನನ್ನ ನೂಲು ಲರ್ವಿಕ್ ಪಟ್ಟಣದ ಜೇಮೀಸನ್ ಆಂಡ್ ಸ್ಮಿತ್ ಅವರದು. ಅಬರ್ಡೀನಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ರಾತ್ರಿಯ ಹಡಗು ಹಿಡಿದು ಶೆಟ್ಲೆಂಡಿಗೆ ಹೋಗಿ ತಂದದ್ದು. ಎರಡೆಳೆಯ ಲೇಸ್ ನೂಲು, ಬಣ್ಣ ಹಾಕದ ಬಿಳಿ, ಜೊತೆಗೆ ಪಟ್ಟಿಗೆ ಮೂರಿಟ್ ಎಂದು ಅಲ್ಲಿ ಕರೆಯುವ, ಕುರಿಯ ಮೈಮೇಲೇ ಬೆಳೆದ ಕಂದು. ಇನ್ನೂ ತೆಳುವಾದ ಒಂದೆಳೆಯ ನೂಲೂ ಅಲ್ಲಿ ಸಿಗುತ್ತದೆ, 25 ಗ್ರಾಂ ಉಂಡೆಯಲ್ಲಿ 400 ಮೀಟರ್. ಮದುವೆ ಉಂಗುರದೊಳಗೆ ತೂರಿಸಬಹುದೆಂದು ಪ್ರಸಿದ್ಧವಾದ ಶಾಲುಗಳು ಅದಕ್ಕಿಂತಲೂ ನವುರಾದ ಕೈನೂಲಿನವು. ನನ್ನದು ಆ ಜಾತಿಯದಲ್ಲ. ದಿನವೂ ಹೊದೆಯುವ, ಅಲ್ಲಿ ಹ್ಯಾಪ್ ಎಂದು ಕರೆಯುವ ಶಾಲು. ಮೂಡಿಗೆರೆಯ ಮನೆಯಲ್ಲಿರುವ ಅಮ್ಮನಿಗೆ ಜನವರಿಯ ಬೆಳಗಿನ ಜಾವಕ್ಕೆಂದು ಹೆಣೆದದ್ದು.

ತೊಳೆಯುವುದಕ್ಕೆ ಅಂಟುವಾಳವನ್ನು ಆರಿಸಿಕೊಂಡೆ. ನಮ್ಮ ಮೈಸೂರಿನ ಮನೆಯ ಬೋರ್‌ವೆಲ್ ನೀರು ಗಡಸು. ಸಾಬೂನು ಅದರಲ್ಲಿ ಬಿಳಿಯ ಜಿಗುಟನ್ನು ಬಿಡುತ್ತದೆ, ಆ ಜಿಗುಟು ಉಣ್ಣೆಯ ಎಳೆಗಳ ನಡುವೆ ಕೂತರೆ ಜಾಲಿಸಿ ತೆಗೆಯುವುದು ಕಷ್ಟ. ಅಂಟುವಾಳದ ನೊರೆಗೆ ಆ ದೋಷವಿಲ್ಲ. ಜೊತೆಗೆ ಉಣ್ಣೆಗೆ ಕ್ಷಾರ ಶತ್ರು, ಅಂಟುವಾಳವಾದರೋ ತುಸು ಆಮ್ಲೀಯ. ರೇಷ್ಮೆ ಸೀರೆಗೂ ಉಣ್ಣೆಗೂ ಅದನ್ನೇ ಹಾಕುತ್ತಿದ್ದ ಹಿಂದಿನವರ ಪದ್ಧತಿಗೆ ಗಟ್ಟಿ ಆಧಾರವಿದೆ. ಬೀಜ ತೆಗೆದ ಸಿಪ್ಪೆಗಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ತೆಳು ಬಟ್ಟೆಯಲ್ಲಿ ಎರಡು ಬಾರಿ ಸೋಸಿದೆ. ದಟ್ಟ ಕಷಾಯ ಕಂದು ಬಣ್ಣಕ್ಕಿರುವುದರಿಂದ ಬಿಳಿ ನೂಲಿಗೆ ಅದನ್ನು ಹೆಚ್ಚು ಹಾಕಬಾರದು. ಬಕೆಟ್ ಉಗುರುಬೆಚ್ಚಗಿನ ನೀರಿಗೆ ನೊರೆ ಏಳುವಷ್ಟು ಮಾತ್ರ ಬೆರೆಸಿ, ಶಾಲನ್ನು ನೀರಿನ ಮೇಲೆ ಹರಡಿ ಬಿಟ್ಟೆ. ಕೈಯಿಂದ ಒತ್ತಿ ಮುಳುಗಿಸಲಿಲ್ಲ. ಉಣ್ಣೆಯ ಮೇಲ್ಮೈ ನೀರನ್ನು ಮೊದಲು ದೂರ ಇಡುತ್ತದೆ, ಆಮೇಲೆ ತಾನಾಗಿಯೇ ಕುಡಿಯುತ್ತ ಇಳಿಯುತ್ತದೆ. ಒಳಗಿನ ಎಳೆಗಳವರೆಗೂ ನೀರು ಹೋಗಲು ಅರ್ಧ ಗಂಟೆಯಾದರೂ ಬೇಕು.

ನೀರು ಮೆಲ್ಲಗೆ ಮಬ್ಬಾಯಿತು. ನೂಲುವಾಗ ಹಾಕಿದ ಎಣ್ಣೆ ಹೊರಬರುತ್ತಿರುವ ಗುರುತು ಅದು. ಜೊತೆಗೆ ಕುರಿಯ ವಾಸನೆಯೂ ಎದ್ದಿತು, ನನಗೆ ಅದು ಹಿತವೆನಿಸಿತು. ಕಡ್ಡಿಯ ಮೇಲಿದ್ದಾಗ ಗಡಸಾಗಿ, ತೆಳ್ಳಗೆ ಕಾಣುತ್ತಿದ್ದ ನೂಲು ಎಣ್ಣೆ ಕಳೆದುಕೊಂಡೊಡನೆ ಉಬ್ಬಿ ಮೃದುವಾಗುತ್ತ ಬರುವುದು ನೀರಿನಲ್ಲಿಯೇ ಬೆರಳಿಗೆ ತಿಳಿಯುತ್ತಿತ್ತು. ಅಂಗಡಿಯಲ್ಲಿ ಶೆಟ್ಲೆಂಡ್ ನೂಲನ್ನು ಮುಟ್ಟಿ ನೋಡಿ ಚುಚ್ಚುತ್ತದೆಂದು ಬಿಟ್ಟುಬಿಡುವವರು ಒಮ್ಮೆ ತೊಳೆದ ನೂಲನ್ನು ಮುಟ್ಟಿ ನೋಡಬೇಕು.

ಉಣ್ಣೆಯ ಪ್ರತಿ ಎಳೆಯ ಮೇಲೂ ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪೊರೆಗಳಿವೆ. ಉಜ್ಜಿದರೆ, ಹಿಂಡಿದರೆ, ಬಿಸಿ ನೀರಿನಿಂದ ಒಮ್ಮೆಗೇ ತಣ್ಣೀರಿಗೆ ಹಾಕಿದರೆ ಆ ಪೊರೆಗಳು ಒಂದರೊಳಗೊಂದು ಸಿಕ್ಕಿ ಬಟ್ಟೆ ಗಟ್ಟಿಗಟ್ಟುತ್ತದೆ. ನೂಲಿನ ತುದಿ ಜೋಡಿಸುವಾಗ ನನಗೆ ನೆರವಾದ ಗುಣವೇ ಇಲ್ಲಿ ಅಪಾಯ. ಅದಕ್ಕಾಗಿ ಜಾಲಿಸುವ ನೀರನ್ನೂ ಅದೇ ಹದಕ್ಕೆ ಬೆಚ್ಚಗೆ ಮಾಡಿಟ್ಟುಕೊಂಡು, ಶಾಲನ್ನು ಎರಡೂ ಕೈಗಳಿಂದ ಅಡಿಯಿಂದ ಎತ್ತಿ, ಬಿದಿರಿನ ಜರಡಿಯ ಮೇಲಿಟ್ಟು ನೀರು ಬಸಿದು, ಮತ್ತೆ ಮುಳುಗಿಸಿದೆ. ಒಂದು ಮೂಲೆ ಹಿಡಿದು ಎತ್ತಿದರೆ ನೀರಿನ ಭಾರವೆಲ್ಲ ಆ ಮೂಲೆಯ ಕೆಲವೇ ಕುಣಿಕೆಗಳ ಮೇಲೆ ಬೀಳುತ್ತದೆ. ಕಡೆಗೆ ಒಣ ಟವೆಲ್ಲುಗಳ ನಡುವೆ ಸುರುಳಿ ಸುತ್ತಿ, ಅದರ ಮೇಲೆ ಕಾಲಿಟ್ಟು ತುಳಿದೆ. ಇನ್ನು ನೀರು ತೊಟ್ಟಿಕ್ಕದು, ಆದರೆ ಎಳೆ ಎಳೆಯಲ್ಲೂ ತೇವವಿದೆ ಎನ್ನುವ ಹದ ಹಾಗೆ ಸಿಕ್ಕಿತು. ಅಮ್ಮ ಫೋನಿನಲ್ಲಿ ಗಂಜಿ ಹಾಕುವುದಿಲ್ಲವೇ ಎಂದು ಕೇಳಿದರು. ಅವರಿಗೆ ಗೊತ್ತಿರುವುದು ಚಳ್ಳಕೆರೆ ಕಡೆಯ ಕುರುಬರ ಕಂಬಳಿ. ಅದರ ಹಾಸು ನೂಲಿಗೆ ಹುಣಸೆ ಬೀಜದ ಗಂಜಿ ಕೊಡುತ್ತಾರೆ, ದಖನಿ ಕುರಿಯ ಒರಟು ಉಣ್ಣೆ ಅದರಿಂದ ಮಗ್ಗದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಲೇಸ್ ಶಾಲಿಗೆ ಗಂಜಿ ಬೇಕಿಲ್ಲ, ಎಳೆದು ಕಟ್ಟಿದ ಆಕಾರವನ್ನು ಉಣ್ಣೆಯೇ ಹಿಡಿದುಕೊಳ್ಳುತ್ತದೆ ಎಂದು ಹೇಳಿದೆ.

ಈಗ ಬಹಳ ಮಂದಿ ಮಕ್ಕಳು ಆಡುವ ಫೋಮ್ ಚಾಪೆಗಳನ್ನು ಜೋಡಿಸಿ, ಅದರ ಮೇಲೆ ಶಾಲನ್ನು ಹರಡಿ, ಅಂಚಿನ ಹಲ್ಲಿಗೊಂದರಂತೆ ತುಕ್ಕು ಹಿಡಿಯದ ಗುಂಡುಸೂಜಿ ಚುಚ್ಚುತ್ತಾರೆ. ತ್ರಿಕೋನ ಶಾಲುಗಳಿಗೆ ನಾನೂ ಹಾಗೆಯೇ ಮಾಡಿದ್ದೇನೆ. ಚೌಕ ಶಾಲಿಗೆ ಮಾತ್ರ ಶೆಟ್ಲೆಂಡಿನ ಮರದ ಚೌಕಟ್ಟೇ ಬೇಕೆಂದು ಮನಸ್ಸು ಮಾಡಿದ್ದೆ. ನಾಲ್ಕು ಉದ್ದನೆಯ ಪಟ್ಟಿಗಳು, ಪ್ರತಿ ಪಟ್ಟಿಯ ತುದಿಗಳಲ್ಲಿ ಸಾಲು ರಂಧ್ರಗಳು. ಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡವಿಟ್ಟು, ಬೇಕಾದ ಅಳತೆಯ ರಂಧ್ರಕ್ಕೆ ಗೂಟ ಹಾಕಿ ಬಿಗಿ ಮಾಡುವುದು. ಒಳಬದಿಯಲ್ಲಿ ಉದ್ದಕ್ಕೂ ಸಣ್ಣ ಗೂಟಗಳು. ಬಡಗಿಗೆ ಚಿತ್ರ ಬರೆದುಕೊಟ್ಟಾಗ ಅವರು ಮೊದಲು ತೋರಿಸಿದ ಮರ ಹೊನ್ನೆ. ಹೊನ್ನೆ ನೀರು ತಾಗಿದರೆ ಬಣ್ಣ ಬಿಡುತ್ತದೆ, ಒದ್ದೆ ಬಿಳಿ ಉಣ್ಣೆಯ ಪಕ್ಕದಲ್ಲಿ ಅದು ಇರಲೇಬಾರದು. ತೇಗದ ಮೇಲೂ ನನಗೆ ಅದೇ ಅನುಮಾನ. ಸಿಲ್ವರ್ ಓಕ್ ಪಟ್ಟಿಗಳನ್ನು ನುಣ್ಣಗೆ ಉಜ್ಜಿ, ವಾರ್ನಿಶ್ ಬಳಿದು, ಗೂಟಗಳನ್ನು ಬಿದಿರಿನಿಂದ ಮಾಡಿಸಿಕೊಂಡೆ. ಕಬ್ಬಿಣದ ಮೊಳೆ ಒಂದೂ ಬೇಡವೆಂದು ಹೇಳಿದ್ದೆ, ಏಕೆಂದರೆ ತುಕ್ಕಿನ ಕಲೆ ಉಣ್ಣೆಯಿಂದ ಹೋಗುವುದಿಲ್ಲ.

ಈ ಚೌಕಟ್ಟಿನ ಹಿಂದೆ ದೊಡ್ಡ ಚರಿತ್ರೆಯಿದೆ. ಲರ್ವಿಕ್‌ನಲ್ಲಿ ಹುಟ್ಟಿದ ಆರ್ಥರ್ ಆಂಡರ್ಸನ್, ಮುಂದೆ ಪಿ ಆಂಡ್ ಓ ಹಡಗು ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದವರು, 1837ರಲ್ಲಿ ವಿಕ್ಟೋರಿಯಾ ರಾಣಿಗೆ ಶೆಟ್ಲೆಂಡಿನ ನವುರು ಕಾಲುಚೀಲಗಳನ್ನು ಉಡುಗೊರೆ ಕೊಟ್ಟರು. ಅಲ್ಲಿಂದ ಮುಂದೆ ಆ ದ್ವೀಪಗಳ ಲೇಸಿಗೆ, ಅದರಲ್ಲೂ ಉತ್ತರದ ಕೊನೆಯ ಅನ್ಸ್ಟ್ ದ್ವೀಪದ ಶಾಲುಗಳಿಗೆ, ಶ್ರೀಮಂತರ ಮನೆಗಳಲ್ಲಿ ಬೇಡಿಕೆ ಬೆಳೆಯಿತು. ಹಳ್ಳಿಯ ಹೆಂಗಸರು ಹೆಣೆದು ತಂದ ಶಾಲು ನೇರವಾಗಿ ಮಾರಾಟಕ್ಕೆ ಹೋಗುತ್ತಿರಲಿಲ್ಲ. ಅದನ್ನು ತೊಳೆದು, ಹರಿದದ್ದನ್ನು ಸರಿಮಾಡಿ, ಬಿಳಿಯದಾದರೆ ಪೀಪಾಯಿಯೊಳಗೆ ಗಂಧಕದ ಹೊಗೆ ಕೊಟ್ಟು ಬೆಳ್ಳಗಾಗಿಸಿ, ಚೌಕಟ್ಟಿಗೆ ಕಟ್ಟಿ ಒಣಗಿಸಿ ಕೊಡುವ ಬೇರೆಯೇ ಹೆಂಗಸರಿದ್ದರು. ಅದು ಒಂದು ಕಸುಬು. ಹೆಣೆದವರಿಗೆ ವ್ಯಾಪಾರಿಗಳು ಹಣ ಕೊಡದೆ ಚಹಾ, ಬಟ್ಟೆಗಳಂಥ ಸರಕನ್ನೇ ಕೂಲಿಯಾಗಿ ಕೊಡುತ್ತಿದ್ದ ಪದ್ಧತಿಯ ಬಗ್ಗೆ 1872ರಲ್ಲಿ ಸರ್ಕಾರಿ ವಿಚಾರಣೆ ನಡೆದು, ಅನೇಕ ಹೆಂಗಸರು ಸಾಕ್ಷಿ ಹೇಳಿದರು. ಲರ್ವಿಕ್‌ನ ಮ್ಯೂಸಿಯಂನಲ್ಲಿ ಗಾಜಿನ ಹಿಂದಿರುವ ಶಾಲುಗಳ ಮುಂದೆ ನಿಂತಾಗ ನಾನು ಯೋಚಿಸಿದ್ದು ಹೆಣೆದ ಕೈಗಳನ್ನು ಮಾತ್ರ. ಚೌಕಟ್ಟಿನ ಮುಂದೆ ನಿಂತು ಒದ್ದೆ ಶಾಲನ್ನು ಕೈಗೆತ್ತಿಕೊಂಡ ಮೇಲೆ, ಅಷ್ಟೇ ಹೆಸರಿಲ್ಲದ ಈ ಎರಡನೆಯ ಕೈಗಳಿಗೂ ಆ ಸೌಂದರ್ಯದಲ್ಲಿ ಸಮಪಾಲು ಸಲ್ಲಬೇಕೆಂದು ಖಚಿತವಾಯಿತು.

ಶಾಲನ್ನು ನೇರವಾಗಿ ಗೂಟಗಳಿಗೆ ಸಿಕ್ಕಿಸುವುದಿಲ್ಲ. ಮೊದಲು ಅಂಚಿನ ಪ್ರತಿ ಹಲ್ಲಿನ ತುದಿಯ ಕಣ್ಣಿನೊಳಗೂ ಗಟ್ಟಿ ಹತ್ತಿ ದಾರವನ್ನು ಪೋಣಿಸಿಕೊಂಡು ಹೋಗಬೇಕು, ಬದಿಗೊಂದು ದಾರದಂತೆ, ಎರಡು ಹಲ್ಲುಗಳ ನಡುವೆ ಸಾಕಷ್ಟು ಸಡಿಲ ಬಿಟ್ಟು. ಗೂಟಕ್ಕೆ ಸಿಕ್ಕುವುದು ಈ ಸಡಿಲ ದಾರವೇ. ಗುಂಡುಸೂಜಿ ಒಂದು ಹಲ್ಲನ್ನು ಒಂದೇ ಜಾಗಕ್ಕೆ ನೆಟ್ಟುಬಿಡುತ್ತದೆ. ದಾರವಾದರೋ ಹಲ್ಲಿನ ಕಣ್ಣಿನಲ್ಲಿ ಜಾರುತ್ತದೆ, ಒಂದು ಕಡೆ ಎಳೆತ ಹೆಚ್ಚಾದರೆ ಪಕ್ಕದವಕ್ಕೆ ಹಂಚುತ್ತದೆ. ಎಲ್ಲ ಹಲ್ಲುಗಳೂ ಒಂದೇ ಉದ್ದಕ್ಕೆ, ಒಂದೇ ಚೂಪಿಗೆ ಬರುವುದು ಇದರಿಂದಲೇ. ಪೋಣಿಸುವಷ್ಟು ಹೊತ್ತಿನಲ್ಲಿ ಉಣ್ಣೆ ಆರದಿರಲೆಂದು ಉಳಿದ ಭಾಗವನ್ನು ಒದ್ದೆ ಟವೆಲ್ಲಿನೊಳಗೇ ಇಟ್ಟುಕೊಂಡಿದ್ದೆ.

ಮೊದಲು ನಾಲ್ಕು ಮೂಲೆಗಳು. ಚೌಕಟ್ಟಿನ ಒಳ ಅಳತೆಯಲ್ಲಿ ದಾರಕ್ಕೆ ಜಾಗ ಬಿಟ್ಟು ಶಾಲಿನ ಬದಿ 130 ಸೆಂಟಿಮೀಟರ್ ಬರುವಂತೆ ಗೂಟಗಳನ್ನು ಹಾಕಿದ್ದೆ. ಬದಿಗಳು ಸಮವಾದ ಮಾತ್ರಕ್ಕೆ ಚೌಕವಾಗುವುದಿಲ್ಲ, ವಾರೆಯಾಗಿಯೂ ನಿಲ್ಲಬಹುದು. ಕರ್ಣಗಳೆರಡನ್ನೂ ಅಳೆದು ಎರಡೂ 184ರ ಆಸುಪಾಸಿಗೆ ಬರುವವರೆಗೆ ಪಟ್ಟಿಗಳನ್ನು ಸರಿಸಿದೆ. ಆಮೇಲೆ ಪ್ರತಿ ಬದಿಯ ನಡುವಿನ ಹಲ್ಲು, ಅದಕ್ಕೂ ಮೂಲೆಗೂ ನಡುವಿನದು, ಮತ್ತೆ ಅದರ ನಡುವಿನದು, ಹೀಗೆ ಅರ್ಧರ್ಧ ಮಾಡುತ್ತ, ಎದುರುಬದುರು ಬದಿಗಳನ್ನು ಜೊತೆಜೊತೆಗೇ ಕಟ್ಟುತ್ತ ಹೋದೆ. ಒಂದು ಬದಿಯನ್ನು ಪೂರ್ತಿ ಕಟ್ಟಿ ಮುಗಿಸಿ ಇನ್ನೊಂದಕ್ಕೆ ಹೋದರೆ ಬಟ್ಟೆಯೆಲ್ಲ ಮೊದಲು ಕಟ್ಟಿದ ಕಡೆಗೆ ವಾಲುತ್ತದೆ.

ಅರ್ಧದಷ್ಟು ಕಟ್ಟುವ ಹೊತ್ತಿಗೆ ಕಣ್ಣುಗಳು ತೆರೆದುಕೊಳ್ಳತೊಡಗಿದವು. ಮುದುಡಿದ್ದ ದಿಂಡುಗಳು ಚಪ್ಪಟೆಯಾಗಿ ಅಲೆಗಳ ಗೆರೆಗಳು ಮೇಲೆದ್ದವು, ಬಿಳಿಯ ಮೇಲೆ ಕಂದು ಪಟ್ಟಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ದೂರದಿಂದಲೇ ಕಾಣಿಸಿತು. ತಿಂಗಳುಗಟ್ಟಲೆ ಹೆಣೆದವಳು ನಾನೇ ಆದರೂ ನನ್ನ ವಿನ್ಯಾಸವನ್ನು ನಾನು ಇಡಿಯಾಗಿ ನೋಡಿದ್ದು ಆಗಲೇ. ನಿಂತು ನೋಡಿದೆ, ಸಂತೋಷವಾಯಿತು.

ಎಳೆತ ಎಷ್ಟಿರಬೇಕು ಎಂಬಲ್ಲಿ ಮಾತ್ರ ಯಾವ ಅಳತೆಯೂ ನೆರವಿಗೆ ಬರುವುದಿಲ್ಲ. ತೀರ ತೆಳುವಾದ ಲೇಸನ್ನು ತಂತಿಯಂತೆ ಬಿಗಿಯುತ್ತಾರೆ, ಅದಕ್ಕೆ ಅದೇ ಚೆಂದ. ಹ್ಯಾಪ್ ಶಾಲಿನ ನಡುವಿನ ಚೌಕ ಗಾರ್ಟರ್ ಹೆಣಿಗೆಯದು, ಎಂದರೆ ಕಣ್ಣುಗಳಿಲ್ಲದೆ ಉಬ್ಬು ಸಾಲುಗಳಾಗಿ ಬರುವ ಸಾದಾ ಹೆಣಿಗೆ, ಬೆನ್ನಿಗೆ ಬೆಚ್ಚಗಿರಬೇಕಾದ ಭಾಗ. ಅದನ್ನು ಅತಿಯಾಗಿ ಎಳೆದರೆ ಸಾಲುಗಳ ಉಬ್ಬು ಹೋಗಿ, ಜೊತೆಗೆ ಗಾಳಿಯನ್ನು ಹಿಡಿದಿಡುವ ಗುಣವೂ ಹೋಗುತ್ತದೆ. ಓಲ್ಡ್ ಶೇಲ್ ಪಟ್ಟಿಗೂ ಮಿತಿಯಿದೆ. ತೀರ ಬಿಗಿದರೆ ಅಲೆಗಳು ನೇರವಾಗಿ ಬರಿಯ ರಂಧ್ರಗಳ ಸಾಲು ಉಳಿಯುತ್ತದೆ. ಬೆರಳಿನಿಂದ ನಡುವೆ ಮೆಲ್ಲಗೆ ಒತ್ತಿದರೆ ಬಟ್ಟೆ ತಗ್ಗಿ ಮತ್ತೆ ಮೇಲೇಳುವಷ್ಟು ಬಿಗಿ ಇಟ್ಟುಕೊಂಡೆ. ಒದ್ದೆ ಉಣ್ಣೆ ಕಟ್ಟಿದ ಮೇಲೂ ಸ್ವಲ್ಪ ಜಗ್ಗುತ್ತದೆ. ಕಾಲು ಗಂಟೆ ಬಿಟ್ಟು ಬಂದು ನೋಡಿದಾಗ ಬದಿಗಳ ನಡುಭಾಗ ಸಡಿಲವಾಗಿತ್ತು, ಗೂಟಗಳನ್ನು ಒಂದೊಂದು ರಂಧ್ರ ಹೊರಕ್ಕೆ ಸರಿಸಿ ಸಮ ಮಾಡಿದೆ.

ಶೆಟ್ಲೆಂಡಿನಲ್ಲಿ ಚೌಕಟ್ಟನ್ನು ಮನೆಯ ಹೊರಗೋಡೆಗೆ ಒರಗಿಸಿ ಗಾಳಿಗೆ ಬಿಡುತ್ತಿದ್ದ ಹಳೆಯ ಫೋಟೊಗಳಿವೆ. ನಮ್ಮ ಬಿಸಿಲಿಗೆ ಹಾಗೆ ಬಿಡುವಂತಿಲ್ಲ. ನೇರ ಬಿಸಿಲು ಬಿಳಿ ಉಣ್ಣೆಯನ್ನು ಹಳದಿ ಮಾಡುತ್ತದೆ, ಬಿಸಿಲು ಬಿದ್ದ ಭಾಗ ಬೇಗ ಒಣಗಿ ನೆರಳಿನ ಭಾಗ ಹಿಂದುಳಿಯುತ್ತದೆ. ಒಳಗಿನ ಹಜಾರದಲ್ಲಿ, ಕಿಟಕಿಗಳನ್ನು ತೆರೆದು, ಫ್ಯಾನನ್ನು ಮಂದಗತಿಯಲ್ಲಿ ಹಾಕಿ ಚೌಕಟ್ಟನ್ನು ಗೋಡೆಗೆ ಒರಗಿಸಿದೆ. ಸಂಕ್ರಾಂತಿ ಕಳೆದ ಒಣಹವೆಯ ಕಾಲವನ್ನೇ ಇದಕ್ಕೆ ಕಾದಿದ್ದೆ. ಆಷಾಢದ ತೇವದ ಗಾಳಿಯಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಉಣ್ಣೆ ಮುಟ್ಟಿದರೆ ಒದ್ದೆ ಎನಿಸದೆಯೇ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆ ಹಿಡಿದಿಡಬಲ್ಲದು. ಸಂಜೆಗೆ ಶಾಲು ಕೈಗೆ ಒಣಗಿದಂತೆಯೇ ಇತ್ತು. ಆದರೆ ಗಾರ್ಟರ್ ಚೌಕವನ್ನು ಕೆನ್ನೆಗೆ ಒತ್ತಿಕೊಂಡಾಗ ಇನ್ನೂ ತಂಪಿತ್ತು. ತಂಪಿದ್ದರೆ ನೀರು ಇನ್ನೂ ಆರುತ್ತಿದೆ ಎಂದೇ ಅರ್ಥ, ಬಂಧಗಳು ಇನ್ನೂ ಪೂರ್ತಿ ಕಟ್ಟಿಕೊಂಡಿಲ್ಲ. ರಾತ್ರಿಯೆಲ್ಲ ಹಾಗೆಯೇ ಬಿಟ್ಟೆ.

ಬಿಚ್ಚುವಾಗಲೂ ಎದುರುಬದುರು ಬದಿಗಳನ್ನು ಜೊತೆಯಾಗಿಯೇ ಸಡಿಲಿಸಿ, ಕಡೆಯಲ್ಲಿ ದಾರವನ್ನು ಮೂಲೆಯಿಂದ ಮೂಲೆಗೆ ಎಳೆದು ತೆಗೆದೆ. ಎಳೆತ ಬಿಟ್ಟೊಡನೆ ಶಾಲು ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಅದು ಉಣ್ಣೆಯ ಸಹಜ ಪುಟಿತ. ಬದಿ 124 ಸೆಂಟಿಮೀಟರಿಗೆ ನಿಂತಿತು, ಮರುದಿನ ಅಳೆದಾಗಲೂ ಅಷ್ಟೇ ಇತ್ತು. ಈ ಇಳಿಕೆಯನ್ನು ಲೆಕ್ಕಕ್ಕೆ ಹಿಡಿದೇ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಎಳೆದಿರಬೇಕು. ಹಲ್ಲುಗಳು ಚೂಪಾಗಿಯೇ ಉಳಿದವು, ಅಲೆಗಳ ಕಣ್ಣು ಮುಚ್ಚಲಿಲ್ಲ. ಆಮೇಲೆ ನೇತಾಡುತ್ತಿದ್ದ ನೂಲಿನ ಬಾಲಗಳನ್ನು ಸಣ್ಣ ಕತ್ತರಿಯಿಂದ ಬಟ್ಟೆಗೆ ತಾಗಿಸದೆ ಕತ್ತರಿಸಿದೆ.

ಅಮ್ಮನಿಗೆ ಕೊಡುವಾಗ ಹೇಳಿದ್ದು ಎರಡೇ ಮಾತು. ಕೊಕ್ಕೆಗೆ ನೇತುಹಾಕಬಾರದು, ಮಡಚಿ ಇಡಬೇಕು, ಮಡಿಕೆ ಪ್ರತಿ ಸಲ ಒಂದೇ ಗೆರೆಯ ಮೇಲೆ ಬೀಳದಂತೆ ಬದಲಾಯಿಸುತ್ತಿರಬೇಕು. ನುಸಿಗೆ ಬಜೆಯ ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿ ಜೊತೆಗಿಡಬೇಕು. ಎರಡನೆಯದು, ತೊಳೆಯಬೇಕೆನಿಸಿದಾಗ ಅಲ್ಲಿ ತೊಳೆಯದೆ ನನಗೆ ಕಳಿಸಬೇಕು. ನೀರು ತಾಗಿದರೆ ಅಲೆಗಳು ಮತ್ತೆ ಮುದುಡುತ್ತವೆ, ಮತ್ತೆ ದಾರ ಪೋಣಿಸಿ ಚೌಕಟ್ಟಿಗೆ ಕಟ್ಟಬೇಕಾಗುತ್ತದೆ. ಗೂಟಗಳು ಯಾವ ರಂಧ್ರದಲ್ಲಿದ್ದವು ಎಂಬುದನ್ನು ಪಟ್ಟಿಗಳ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಚೌಕಟ್ಟನ್ನು ಬಿಚ್ಚಿ ಮಂಚದ ಅಡಿಗೆ ಸೇರಿಸಿದ್ದೇನೆ.